ಗಹ್ವಾದ ಒಗರು, ರಕ್ತದ ಕಬ್ಬಿಣ

ಉನೈಜಾದಲ್ಲಿ ಯಾರ ಮನೆಗೆ ಹೋದರೂ ಮೊದಲು ಬರುವುದು ಗಹ್ವಾ, ಜೊತೆಗೆ ಸುಕ್ಕರಿ ಖರ್ಜೂರ. ಅಲ್ ಕಸೀಮ್ ಪ್ರಾಂತ್ಯದ ಈ ಊರು ಖರ್ಜೂರಕ್ಕೇ ಹೆಸರುವಾಸಿ. "ಖರ್ಜೂರ ತಿನ್ನಿ, ರಕ್ತ ಹೆಚ್ಚುತ್ತದೆ" ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಆದರೆ ನೂರು ಗ್ರಾಂ ಖರ್ಜೂರದಲ್ಲಿರುವ ಕಬ್ಬಿಣ ಸುಮಾರು 1 ಮಿಲಿಗ್ರಾಂ ಮಾತ್ರ. ಅದರಲ್ಲಿ ಎಷ್ಟು ರಕ್ತಕ್ಕೆ ಸೇರುತ್ತದೆ ಎಂಬುದು ಜೊತೆಗೆ ಏನು ಕುಡಿಯುತ್ತೇವೆ ಎಂಬುದನ್ನೂ ಅವಲಂಬಿಸಿದೆ.

ಗುಟ್ಟಿರುವುದು ಒಗರಿನಲ್ಲಿ. ಕಾಯಿ ಖರ್ಜೂರ, ಕಡು ಚಹಾ, ನಮ್ಮೂರ ಅಡಿಕೆ, ಇವುಗಳ ಒಗರಿಗೆ ಕಾರಣ ಪಾಲಿಫೀನಾಲ್ ಎಂಬ ಸಸ್ಯಸಂಯುಕ್ತಗಳು. ಇವುಗಳಲ್ಲಿ ದೊಡ್ಡ ಬಳಗ ಫ್ಲೇವನಾಯ್ಡ್‌ಗಳದು. ಚಹಾದ ಕೆಟೆಕಿನ್, ಈರುಳ್ಳಿಯ ಕ್ವೆರ್ಸೆಟಿನ್ ಈ ಬಳಗದವು. ಗಹ್ವಾದ ಕ್ಲೋರೋಜೆನಿಕ್ ಆಮ್ಲ ಇವುಗಳ ದೂರದ ನೆಂಟ. ಇವುಗಳ ಅಣುವಿನಲ್ಲಿ ಅಕ್ಕಪಕ್ಕ ಇರುವ ಎರಡು ಹೈಡ್ರಾಕ್ಸಿಲ್ ಗುಂಪುಗಳು ಇಕ್ಕಳದಂತೆ ಕಬ್ಬಿಣವನ್ನು ಹಿಡಿಯುತ್ತವೆ. ಬಾಳೆಹೂ ಹೆಚ್ಚಿದಾಗ ಕಬ್ಬಿಣದ ಮೆಟ್ಟುಕತ್ತಿಗೆ ಹತ್ತುವ ಕಪ್ಪು ಕಲೆಯಲ್ಲಿ ಈ ಹಿಡಿತವನ್ನು ಕಣ್ಣಾರೆ ಕಾಣಬಹುದು.

ಈ ಹಿಡಿತದಿಂದ ಲಾಭವೂ ಉಂಟು. 1894ರಲ್ಲಿ ಇಂಗ್ಲೆಂಡಿನ ಹೆನ್ರಿ ಫೆಂಟನ್, ಕಬ್ಬಿಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸೇರಿದರೆ ತೀವ್ರ ಉತ್ಕರ್ಷಣ ನಡೆಯುವುದನ್ನು ವರದಿ ಮಾಡಿದರು. ಆಗ ಹುಟ್ಟುವ ಹೈಡ್ರಾಕ್ಸಿಲ್ ರ್ಯಾಡಿಕಲ್ ಕೊಬ್ಬು, ಪ್ರೋಟೀನ್, ಡಿಎನ್‌ಎ ಯಾವುದನ್ನೂ ಬಿಡದೆ ಹಾಳುಗೆಡವುತ್ತದೆ. ಫ್ಲೇವನಾಯ್ಡ್ ಕಬ್ಬಿಣವನ್ನು ಕಟ್ಟಿಹಾಕಿದರೆ ಈ ಕ್ರಿಯೆ ತಗ್ಗುತ್ತದೆ. ಆದರೆ ಕೆಲವು ಸನ್ನಿವೇಶಗಳಲ್ಲಿ ಅದೇ ಫ್ಲೇವನಾಯ್ಡ್ ಫೆರಿಕ್ ಕಬ್ಬಿಣವನ್ನು ಫೆರಸ್ ಆಗಿಸಿ ಈ ಕ್ರಿಯೆಗೆ ಕುಮ್ಮಕ್ಕು ಕೊಡುವುದೂ ಪ್ರಯೋಗಾಲಯದಲ್ಲಿ ಕಂಡಿದೆ. ಹಾಗಾಗಿ 'ಆಂಟಿಆಕ್ಸಿಡೆಂಟ್' ಎಂಬ ಹೆಸರು ನೋಡಿಯೇ ಮಾತ್ರೆ ಕೊಂಡು ನುಂಗುವುದು ಜಾಣತನವಲ್ಲ.

ಊಟದ ವಿಷಯದಲ್ಲಿ ಈ ಹಿಡಿತ ನಷ್ಟವನ್ನೇ ತರುತ್ತದೆ. ಚಹಾ, ಕಾಫಿಯ ಪಾಲಿಫೀನಾಲ್‌ಗಳು ಕರುಳಿನಲ್ಲೇ ಕಬ್ಬಿಣವನ್ನು ಹಿಡಿದಿಟ್ಟು, ಅದು ರಕ್ತಕ್ಕೆ ಸೇರದಂತೆ ಮಾಡುತ್ತವೆ. ಮಾಂಸ, ಮೀನಿನ ಹೀಮ್ ಕಬ್ಬಿಣಕ್ಕೆ ಇದರ ಬಾಧೆ ಕಡಿಮೆ. ಸೊಪ್ಪು, ಬೇಳೆ, ರಾಗಿ ನೆಚ್ಚಿಕೊಂಡವರಿಗೆ ಹೆಚ್ಚು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆಯಿದೆ. ಗಲ್ಫಿಗೆ ಬಂದ ಮಾತ್ರಕ್ಕೆ ನಮ್ಮ ಮನೆಯ ಹೆಣ್ಣುಮಕ್ಕಳು ಈ ಲೆಕ್ಕದಿಂದ ಹೊರಗಾಗುವುದಿಲ್ಲ.

ಪರಿಹಾರಕ್ಕೆ ಖರ್ಚೇನೂ ಇಲ್ಲ. ಊಟಕ್ಕೂ ಚಹಾ ಅಥವಾ ಗಹ್ವಾಕ್ಕೂ ಒಂದೆರಡು ಗಂಟೆ ಅಂತರವಿರಲಿ. ಕಬ್ಬಿಣದ ಮಾತ್ರೆಯನ್ನು ಚಹಾದೊಂದಿಗೆ ನುಂಗಬೇಡಿ. ಬೇಳೆ, ಸೊಪ್ಪಿನ ಮೇಲೆ ನಿಂಬೆರಸ ಹಿಂಡಿ. ಅದರ ಸಿ ಜೀವಸತ್ವ ಕಬ್ಬಿಣ ರಕ್ತಕ್ಕೆ ಸೇರಲು ನೆರವಾಗುತ್ತದೆ. ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡಿಸಿದರೆ ಇನ್ನೂ ಒಳ್ಳೆಯದು. ಸುಸ್ತು, ಏದುಸಿರು ಕಾಡುತ್ತಿದ್ದರೆ ಮಾತ್ರ ಖರ್ಜೂರವನ್ನು ನಂಬಿ ಕೂರದೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

ಆತಿಥ್ಯದ ಗಹ್ವಾವನ್ನು ಯಾರೂ ಬಿಡಬೇಕಿಲ್ಲ. ಊಟದ ಹೊತ್ತಿನಿಂದ ಅದನ್ನು ತುಸು ದೂರ ಇಟ್ಟರೆ ಸಾಕು.