ಬೇಸಿಗೆ ಸಂಶೋಧನೆಗೆ ಅರ್ಜಿ: ಮೊದಲು ಅರ್ಹತೆ ಓದಿ

ನ್ಯೂಜೆರ್ಸಿ: ಜನವರಿ ಬಂತೆಂದರೆ ಕಾಲೇಜಿಗೆ ಹೋಗುವ ಮಕ್ಕಳಿರುವ ಇಲ್ಲಿನ ಕನ್ನಡಿಗರ ಮನೆಗಳಲ್ಲಿ ‘ಆರ್‌ಇಯು’ ಮಾತು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಹಣದಲ್ಲಿ ನಡೆಯುವ ಈ ಕಾರ್ಯಕ್ರಮಕ್ಕೆ ಆಯ್ಕೆಯಾದರೆ ಸುಮಾರು 10 ವಾರ ಸಂಶೋಧನೆ, ಜತೆಗೆ ಸ್ಟೈಪೆಂಡ್. ಅನೇಕ ಕಡೆ ವಸತಿಯೂ ಉಂಟು.

ನಮ್ಮ ಮಗಳೂ ಪ್ರಬಂಧ ಬರೆದು, ಪ್ರಾಧ್ಯಾಪಕರಿಂದ ಎರಡು ಶಿಫಾರಸು ಪತ್ರ ಪಡೆದಿದ್ದಳು. ಅರ್ಜಿಯಲ್ಲಿ ಪೌರತ್ವದ ಪ್ರಶ್ನೆ ಬಂದಾಗಲೇ ನಮಗೆ ತಿಳಿದದ್ದು: ಈ ಹಣ ಅಮೆರಿಕದ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ. ಎಂಟನೇ ವಯಸ್ಸಿನಿಂದ ಇಲ್ಲೇ ಓದಿದರೂ ಅವಳದು ಎಚ್‌-4 ವೀಸಾ. ‘ಮೊದಲೇ ನೋಡಬೇಕಿತ್ತಪ್ಪಾ’ ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಪತ್ರ ಕೊಟ್ಟ ಪ್ರಾಧ್ಯಾಪಕರೊಬ್ಬರೇ ದಾರಿ ತೋರಿದರು. ಈಗ ಅವರ ಪ್ರಯೋಗಾಲಯದಲ್ಲೇ, ಸ್ಟೈಪೆಂಡ್ ಇಲ್ಲದೆ, ಕ್ರೆಡಿಟ್‌ಗಾಗಿ ಕಲಿಯುತ್ತಿದ್ದಾಳೆ; ಶುಲ್ಕ ನಾವೇ ಕಟ್ಟಿದ್ದೇವೆ. ಎಚ್‌-4 ಮಕ್ಕಳಿರುವ ಮನೆಯವರು ಪ್ರಬಂಧಕ್ಕೆ ಕೂರುವ ಮೊದಲು ಅರ್ಹತೆಯ ಸಾಲು ಓದಿಕೊಳ್ಳಿ.