ದಿಕ್ಕನ್ನು ಲೆಕ್ಕಕ್ಕೆ ತಂದ ಸದಿಶಗಳು

ಉಷ್ಣತೆ, ದ್ರವ್ಯರಾಶಿ, ಕಾಲ ಮೊದಲಾದವನ್ನು ತಿಳಿಸಲು ಒಂದು ಸಂಖ್ಯೆ ಮತ್ತು ಅದರ ಮಾನ ಸಾಕಾಗುವುದರಿಂದ ಅವುಗಳನ್ನು ಅದಿಶಗಳೆಂದು ಕರೆಯಲಾಗುತ್ತದೆ. ಬಲ, ವೇಗ, ಸ್ಥಾನಪಲ್ಲಟಗಳಿಗೆ ಅಷ್ಟು ಸಾಲದು. ಎಷ್ಟು ಎಂಬುದರೊಡನೆ ಯಾವ ಕಡೆಗೆ ಎಂಬುದನ್ನೂ ಹೇಳಬೇಕಾಗುವ ಇಂತಹ ರಾಶಿಗಳೇ ಸದಿಶಗಳು.

ದಿಕ್ಕು ಸೇರಿದೊಡನೆ ಕೂಡುವ ರೀತಿಯೇ ಬದಲಾಗುತ್ತದೆ. ದಕ್ಷಿಣಕ್ಕೆ ಸೆಕೆಂಡಿಗೆ 3 ಮೀಟರಿನಂತೆ ಹರಿಯುವ ನದಿಯಲ್ಲಿ ದೋಣಿಯೊಂದು ನೀರಿನ ಮೇಲೆ ಪೂರ್ವಾಭಿಮುಖವಾಗಿ ಸೆಕೆಂಡಿಗೆ 4 ಮೀಟರಿನಂತೆ ಸಾಗಿದರೆ, ದಡದಲ್ಲಿ ನಿಂತವರಿಗೆ ಅದರ ವೇಗದ ಪರಿಮಾಣ 7 ಆಗಿರದೆ 5 ಆಗಿರುತ್ತದೆ. ಏಕೆಂದರೆ ಪರಸ್ಪರ ಲಂಬವಾಗಿರುವ ಈ ಎರಡು ವೇಗಗಳು ಲಂಬಕೋನ ತ್ರಿಭುಜದ ಬಾಹುಗಳಾಗಿ, ಫಲಿತ ವೇಗವು ಅದರ ವಿಕರ್ಣವಾಗುತ್ತದೆ.

ಈ ಫಲಿತದಿಂದ ದಿಕ್ಕನ್ನಷ್ಟೇ ಬೇರ್ಪಡಿಸುವ ಉಪಾಯವೇ ಏಕಮಾನ ಸದಿಶ. ಸದಿಶವನ್ನು ಅದರದೇ ಪರಿಮಾಣದಿಂದ ಭಾಗಿಸಿದಾಗ ದಿಕ್ಕು ಹಾಗೆಯೇ ಉಳಿದು ಪರಿಮಾಣ 1 ಆಗುತ್ತದೆ. ದೋಣಿಯ ವೇಗದ ಘಟಕಗಳಾದ 4 ಮತ್ತು 3ನ್ನು 5ರಿಂದ ಭಾಗಿಸಿದರೆ ಪೂರ್ವಕ್ಕೆ 0.8, ದಕ್ಷಿಣಕ್ಕೆ 0.6 ದೊರೆಯುತ್ತದೆ, ಮೀಟರ್, ಸೆಕೆಂಡುಗಳು ಭಾಗಾಕಾರದಲ್ಲಿ ಅಳಿದುಹೋಗುವುದರಿಂದ ಇವು ಯಾವ ಮಾನವೂ ಇಲ್ಲದ ಬರಿಯ ಸಂಖ್ಯೆಗಳು. ಆದ್ದರಿಂದಲೇ ಇವನ್ನು ಬೇಕಾದ ದೂರದಿಂದ ಗುಣಿಸಬಹುದು: ದೋಣಿಯು ಅದೇ ದಿಕ್ಕಿನಲ್ಲಿ 200 ಮೀಟರ್ ಸಾಗಿದಾಗ ಪೂರ್ವಕ್ಕೆ 160, ದಕ್ಷಿಣಕ್ಕೆ 120 ಮೀಟರ್ ಸರಿದಿರುತ್ತದೆ. ದಿಕ್ಕಿನಂತಹ ಅಮೂರ್ತ ಸಂಗತಿ ಹೀಗೆ ಗುಣಾಕಾರಕ್ಕೆ ಒಗ್ಗುವುದು ಈ ಪರಿಕಲ್ಪನೆಯ ನಿಜವಾದ ಚೆಲುವು.

ಘಟಕಗಳೆಲ್ಲ 1 ಆಗಿರುವ ಸದಿಶವೇ ಏಕಮಾನ ಸದಿಶವೆಂದು ವಿದ್ಯಾರ್ಥಿಗಳು ಭಾವಿಸುವುದುಂಟು. ಆದರೆ ಎರಡೂ ಘಟಕಗಳು 1 ಆಗಿರುವ ಸದಿಶದ ಪರಿಮಾಣ 2ರ ವರ್ಗಮೂಲ, ಅಂದರೆ ಸುಮಾರು 1.414. ಶೂನ್ಯ ಸದಿಶಕ್ಕಂತೂ ನಿರ್ದಿಷ್ಟ ದಿಕ್ಕಿಲ್ಲ. ಸೊನ್ನೆಯಿಂದ ಭಾಗಿಸಲಾಗದ ಕಾರಣ ಅದರಿಂದ ಏಕಮಾನ ಸದಿಶವನ್ನು ಪಡೆಯಲೂ ಆಗದು.

ಮೂರು ಅಕ್ಷಗಳ ಏಕಮಾನ ಸದಿಶಗಳನ್ನು ಪಠ್ಯಪುಸ್ತಕಗಳು ಐ, ಜೆ, ಕೆ ಎಂಬ ಅಕ್ಷರಗಳ ಮೇಲೆ ಟೋಪಿಯಂತಹ ಗುರುತಿಟ್ಟು ಸೂಚಿಸುತ್ತವೆ. ಈ ಅಕ್ಷರಗಳು ಐರ್ಲೆಂಡಿನ ಗಣಿತಜ್ಞ ವಿಲಿಯಂ ರೋವನ್ ಹ್ಯಾಮಿಲ್ಟನ್ 1843ರಲ್ಲಿ ಡಬ್ಲಿನ್‌ನಲ್ಲಿ ಕಂಡುಕೊಂಡ ಕ್ವಾಟರ್ನಿಯನ್ ಎಂಬ ಸಂಖ್ಯಾಪದ್ಧತಿಯಿಂದ ಬಂದವು. ಅಲ್ಲಿ ಇವುಗಳ ಪ್ರತಿಯೊಂದರ ವರ್ಗವೂ ಋಣ 1 ಆಗಿತ್ತು. ಭೌತವಿಜ್ಞಾನದ ಬಳಕೆಗೆ ಇದು ತೊಡಕೆನಿಸಿದ್ದರಿಂದ, 1880ರ ದಶಕದಲ್ಲಿ ಅಮೆರಿಕದ ಜೊಸಾಯ ವಿಲರ್ಡ್ ಗಿಬ್ಸ್ ಮತ್ತು ಇಂಗ್ಲೆಂಡಿನ ಆಲಿವರ್ ಹೆವಿಸೈಡ್, ಬೇರೆಬೇರೆಯಾಗಿಯೇ ದುಡಿದು, ಅಕ್ಷರಗಳನ್ನು ಉಳಿಸಿಕೊಂಡು ಆ ನಿಯಮವನ್ನು ಕೈಬಿಟ್ಟರು; ಇಂದು ತರಗತಿಗಳಲ್ಲಿ ಕಲಿಸುವುದು ಅವರು ರೂಪಿಸಿದ ಆ ಸರಳ ಸದಿಶಗಣಿತವನ್ನೇ.