ಲೂಯಿಸ್ ಇವಾನ್ಸ್: ಪಾದ್ರಿವೃತ್ತಿ ಮತ್ತು ಖಗೋಳಾಧ್ಯಯನ

ವಿಜ್ಞಾನದ ಚರಿತ್ರೆಯನ್ನು ಶೋಧಗಳ ಚರಿತ್ರೆಯಾಗಿಯೇ ಬರೆಯುವ ವಾಡಿಕೆಯಿದೆ. ಕಲಿತದ್ದನ್ನು ಮುಂದಿನ ತಲೆಮಾರಿಗೆ ದಾಟಿಸಿದವರು ಅಲ್ಲಿ ಹಿನ್ನೆಲೆಗೆ ಸರಿಯುತ್ತಾರೆ. ವೇಲ್ಸ್ ಮೂಲದ ಪಾದ್ರಿ ಲೂಯಿಸ್ ಇವಾನ್ಸ್ (1755–1827) ಅಂಥವರಲ್ಲೊಬ್ಬರು.

ಮನ್ಮತ್‌ಷೈರ್‌ನ ಬಾಸಲೆಗ್ ಗ್ರಾಮದ ಪಾದ್ರಿಯೊಬ್ಬರ ಮಗನಾದ ಇವಾನ್ಸ್ 1774ರಲ್ಲಿ ಆಕ್ಸ್‌ಫರ್ಡಿನ ಮರ್ಟನ್ ಕಾಲೇಜನ್ನು ಸೇರಿದರು. ಮುಂದೆ ದೀಕ್ಷೆ ಪಡೆದು ಬರ್ಕ್‌ಷೈರ್‌ನ ಆಷ್‌ಬರಿಯಲ್ಲಿ ಸಹಾಯಕ ಪಾದ್ರಿಯಾಗಿ ಸೇವೆ ಸಲ್ಲಿಸಿ, 1788ರಲ್ಲಿ ವಿಲ್ಟ್‌ಷೈರ್‌ನ ಫ್ರಾಕ್ಸ್‌ಫೀಲ್ಡಿನ ವಿಕಾರರಾದರು. ಆ ಸ್ಥಾನ ಕೊನೆಯವರೆಗೂ ಅವರದಾಗಿತ್ತು. ಖಗೋಳವೀಕ್ಷಣೆಗೆ ಸಂಬಳದ ಹುದ್ದೆಗಳು ತೀರ ವಿರಳವಾಗಿದ್ದ ಆ ಕಾಲದಲ್ಲಿ ಚರ್ಚಿನ ಸ್ಥಿರ ವರಮಾನವು ಹಲವು ಪಾದ್ರಿಗಳ ವಿದ್ವತ್ತಿಗೆ ಆಸರೆಯಾಗಿತ್ತು. ಇವಾನ್ಸರೂ ಸ್ವಂತ ಉಪಕರಣಗಳನ್ನು ಕೊಂಡು ವೀಕ್ಷಣೆ ನಡೆಸಿದರು. 1799ರಿಂದ 1820ರವರೆಗೆ ವುಲಿಚ್‌ನ ರಾಯಲ್ ಮಿಲಿಟರಿ ಅಕಾಡೆಮಿಯಲ್ಲಿ ಭಾವೀ ಸೇನಾಧಿಕಾರಿಗಳಿಗೆ ಗಣಿತ ಬೋಧಿಸಿದರು. ಅಲ್ಲಿಯೂ ಚಿಕ್ಕ ವೀಕ್ಷಣಾಲಯವೊಂದನ್ನು ಕಟ್ಟಿಸಿದರು.

ಈ ವಿದ್ಯೆ ಮನೆಯಲ್ಲೂ ಮುಂದುವರಿದುದು ಗಮನಾರ್ಹ. ಗಣಿತಜ್ಞ ಥಾಮಸ್ ಸಿಂಪ್ಸನ್ನರ ಹೆಸರನ್ನು ಇವಾನ್ಸ್ ಹಿರಿಯ ಮಗನಿಗೆ ಇಟ್ಟರು. ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ಲೆಕ್ಕಪತ್ರಾಧಿಕಾರಿಯಾಗಿದ್ದ ವಿಲಿಯಂ ಲಾರ್ಕಿನ್ಸರ ಖಾಸಗಿ ವೀಕ್ಷಣಾಲಯದಲ್ಲಿ ದುಡಿದ ಈ ಮಗ, ಅನಂತರ ಗ್ರೀನಿಚ್‌ನಲ್ಲಿ ರಾಜಖಗೋಳಜ್ಞ ನೆವಿಲ್ ಮಾಸ್ಕೆಲೀನರ ಸಹಾಯಕರಾದರು; ಬಳಿಕ ತಂದೆಯಂತೆ ಗಣಿತಾಧ್ಯಾಪಕರಾದರು. ಆದರೆ 1818ರಲ್ಲಿ, ತಂದೆಗಿಂತ ಮೊದಲೇ ತೀರಿಕೊಂಡರು. ತಂದೆಗೆ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆತದ್ದು 1823ರಲ್ಲಿ; ಆ ಗೌರವವನ್ನು ಕಾಣಲು ಮಗ ಉಳಿದಿರಲಿಲ್ಲ.

ಹೊಸ ಗ್ರಹವನ್ನೋ ಧೂಮಕೇತುವನ್ನೋ ಕಂಡುಹಿಡಿದುದರಲ್ಲಿ ಇವಾನ್ಸರ ಹಿರಿಮೆಯಿಲ್ಲ. ಚರ್ಚು, ತರಗತಿ, ಮನೆ ಈ ಮೂರು ನೆಲೆಗಳಲ್ಲಿ ವಿದ್ಯೆಯೊಂದು ಹೇಗೆ ಹರಿದು ಬಂದಿತೆಂಬುದಕ್ಕೆ ಅವರ ಬದುಕು ನಿದರ್ಶನವಾಗಿದೆ. ಪರಂಪರೆಯ ಅಧ್ಯಯನಕ್ಕೆ ಶೋಧಕರಷ್ಟೇ ವಾಹಕರೂ ಮುಖ್ಯರು.